ದೊಡ್ಡ ಕಂಪನಿ ಸಿನಿಮಾ ಕೊಂಡರೆ ಸಾಲ ತೀರುತ್ತದೆಯೇ?

ನಿಮ್ಮ ತಮ್ಮ ಸಾಲ ಮಾಡಿ ತೆಗೆದ ಸಿನಿಮಾವನ್ನು ದೊಡ್ಡ ವಿತರಣಾ ಕಂಪನಿಯೊಂದು ಕೇಳಿದೆ, ಇನ್ನು ಸಾಲ ತೀರಿತೆಂದು ನಂಬಬಹುದೇ ಎಂದು ಕೇಳಿದ್ದೀರಿ. ನಂಬಬೇಡಿ. ನಾನು ಮುಂಬೈಯ ಅಂಧೇರಿಯಲ್ಲಿ ಹದಿನಾರು ವರ್ಷಗಳಿಂದ ಸಣ್ಣ ನಿರ್ಮಾಪಕರ ಲೆಕ್ಕ ಬರೆಯುವವನು. ಅವರ ಸಿನಿಮಾಗಳಿಗಿಂತ ಬಿಲ್ಲುಗಳನ್ನೇ ಹೆಚ್ಚು ನೋಡಿದ್ದೇನೆ.

ಒಂದು ಟಿಕೆಟ್ಟಿನ ದಾರಿ ಹಿಡಿಯಿರಿ. ಮಲ್ಟಿಪ್ಲೆಕ್ಸಿನಲ್ಲಿ 236 ರೂಪಾಯಿ ಕೊಟ್ಟರೆ ಜಿಎಸ್‌ಟಿಗೆ 36 ಹೋಗುತ್ತದೆ. ಉಳಿದ 200ರಲ್ಲಿ ವಿತರಕನಿಗೆ ಮೊದಲ ವಾರ ಅರ್ಧ. 2009ರಲ್ಲಿ ಹಿಂದಿ ನಿರ್ಮಾಪಕರು ಎರಡು ತಿಂಗಳು ಹೊಸ ಸಿನಿಮಾ ಕೊಡದೆ ಹಟ ಹಿಡಿದು ಪಡೆದ ಹಂಚಿಕೆ ಇದು: ಮೊದಲ ವಾರ ಶೇ 50, ಎರಡನೆಯ ವಾರ 42.5, ಮೂರನೆಯ ವಾರ 37.5, ಆಮೇಲೆ 30. ಸಣ್ಣ ಸಿನಿಮಾದ ಸುದ್ದಿ ಬಾಯಿಂದ ಬಾಯಿಗೆ ಹರಡಿ ಜನ ಬರುವ ಹೊತ್ತಿಗೆ ಪಾಲೂ ಇಳಿದಿರುತ್ತದೆ, ಆಟವೂ ಬೆಳಿಗ್ಗೆ ಒಂಬತ್ತೂವರೆಗೆ ಸರಿದಿರುತ್ತದೆ.

ವಿತರಕನ ಕೈಸೇರಿದ ಆ ನೂರು ರೂಪಾಯಿಯಿಂದ ಮೊದಲು ಅವನ ಕಮಿಷನ್, ಆಮೇಲೆ ಪ್ರಚಾರದ ಖರ್ಚು, ಪರದೆಗಿಷ್ಟು ಎಂದು ಡಿಜಿಟಲ್ ಪ್ರದರ್ಶನದ ವಿಪಿಎಫ್ ಶುಲ್ಕ, ಅಡ್ವಾನ್ಸ್ ಕೊಟ್ಟಿದ್ದರೆ ಅದೂ ವಸೂಲಾಗಬೇಕು. ಮಿಕ್ಕಿದ್ದು ನಿರ್ಮಾಪಕನದು, ಮಿಕ್ಕರೆ.

ಕಾರ್ಕಳ ಕಡೆಯ ಹುಡುಗನೊಬ್ಬ ನನ್ನ ಕಕ್ಷಿದಾರ. ಸಿನಿಮಾ ಮಾರುವವರೂ ಕೊಳ್ಳುವವರೂ ಸೇರುವ ಗೋವಾದ ಫಿಲ್ಮ್ ಬಜಾರ್‌ನಲ್ಲಿ ದೊಡ್ಡ ಕಂಪನಿಯೊಂದು ಅವನ ಸಿನಿಮಾ ಮೆಚ್ಚಿತು. ಮಾಟುಂಗಾದ ಹೋಟೆಲಿನಲ್ಲಿ ನನಗೆ ಮೈಸೂರುಪಾಕು ತಿನ್ನಿಸಿದ. ಒಪ್ಪಂದವನ್ನು ಮಾತ್ರ ಸಹಿ ಹಾಕಿದ ಮೇಲೆ ತೋರಿಸಿದ. ಒಂದೂವರೆ ವರ್ಷದ ನಂತರ ಬಂದ ಸ್ಟೇಟ್‌ಮೆಂಟಿನ ಕೊನೆಯಲ್ಲಿ ಹನ್ನೊಂದು ಲಕ್ಷ ಇತ್ತು, ಮುಂದೆ ಕಳೆಯುವ ಚಿಹ್ನೆ. "ಭಟ್ಟರೇ, ನಾನೇ ಅವರಿಗೆ ಕೊಡಬೇಕೇ?" ಎಂದು ಕೇಳಿದ. ಕೊಡಬೇಕಾಗಿರಲಿಲ್ಲ, ಆದರೆ ಅದು ತುಂಬುವವರೆಗೆ ಅವನಿಗೆ ಬಿಡಿಗಾಸೂ ಇಲ್ಲ.

ಖರ್ಚಿನ ಪಟ್ಟಿ ಓದಲು ಒಂದು ಸಂಜೆ ಹಿಡಿಯಿತು. ದೊಡ್ಡ ನಟನ ಸಿನಿಮಾದ ಹೋರ್ಡಿಂಗಿನ ಮೂಲೆಯಲ್ಲಿ ಇವನ ಪೋಸ್ಟರನ್ನೂ ಅಂಟಿಸಿ ಬಾಡಿಗೆಯನ್ನು ಸರಿಸಮ ಹಂಚಿದ್ದರು. ಅದೇ ಕಂಪನಿ ಟಿವಿ ಹಕ್ಕನ್ನು ಆರು ಸಿನಿಮಾಗಳ ಪ್ಯಾಕೇಜಾಗಿ ಒಟ್ಟು ಮೊತ್ತಕ್ಕೆ ಮಾರಿದಾಗ ಮಾತ್ರ ಸರಿಸಮ ಎಂಬ ಮಾತು ಯಾರಿಗೂ ನೆನಪಾಗಲಿಲ್ಲ. ಇವನ ಪಾಲಿಗೆ ಬರೆದದ್ದು ನಲವತ್ತು ಸಾವಿರ. ಇದರಲ್ಲಿ ಮೋಸ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ನನ್ನಿಂದ ಆಗಲಿಲ್ಲ. ಎಲ್ಲಕ್ಕೂ ಅವನ ಸಹಿಯ ಆಧಾರವಿತ್ತು.

ನಿಮ್ಮ ತಮ್ಮ ಇನ್ನೂ ಸಹಿ ಹಾಕಿಲ್ಲವಾದರೆ ಪ್ರಚಾರದ ಖರ್ಚಿಗೆ ಮೇಲ್ಮಿತಿ ಬರೆಸಲಿ, ಬಿಲ್ಲು ತಪಾಸಣೆಯ ಹಕ್ಕು ಕೇಳಲಿ. ಪ್ಯಾಕೇಜಿನಲ್ಲಿ ಸೇರಿಸುವ ಮೊದಲು ತನ್ನ ಲಿಖಿತ ಒಪ್ಪಿಗೆ ಬೇಕೆಂದು ಹಟ ಮಾಡಲಿ. 'ಶಾಶ್ವತವಾಗಿ' ಎಂಬ ಪದ ಕಂಡರೆ ಹೊಡೆದುಹಾಕಿ ವರ್ಷಗಳನ್ನು ಬರೆಸಲಿ. ಅಡ್ವಾನ್ಸ್ ಚಿಕ್ಕದಾದರೂ ಹಿಂದಿರುಗಿಸಬೇಕಿಲ್ಲದ್ದಾಗಿರಲಿ. ಅವನ ಬ್ಯಾಂಕಿಗೆ ಖಂಡಿತ ಬರುವ ಹಣ ಅದೊಂದೇ ಎಂದು ಲೆಕ್ಕ ಹಾಕಿ, ಸಾಲ ಕೊಟ್ಟವರಿಗೂ ಹಾಗೆಯೇ ಹೇಳಿ.

ಕಾರ್ಕಳದವನಿಗೆ ಆರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಈಗಲೂ ತಪ್ಪದೆ ಬರುತ್ತದೆ. ಅವನು ತೆರೆಯದೆ ನನಗೆ ಕಳುಹಿಸುತ್ತಾನೆ.