ಬೇಡುವ ಮುಂಚೆ ಬಟ್ಟಲು ಇಡಿ

ದಾವಣಗೆರೆಯ ಓದುಗರೊಬ್ಬರ ಪತ್ರ: "ದೇವರ ಮುಂದೆ ನಿಂತರೆ ಬಾಯಿಗೆ ಬರುವುದು ಬರೀ ಬೇಡಿಕೆ. ದಿನಕ್ಕೆ ಐದು ಉಪಕಾರ ಬರೆದಿಡೋಣ ಎಂದು ಡೈರಿ ತಂದೆ. ಹನ್ನೊಂದನೇ ದಿನಕ್ಕೆ 'ಆರೋಗ್ಯ, ಮಕ್ಕಳು, ಮನೆ' ಅಂತ ಅದನ್ನೇ ಗೀಚುತ್ತಿದ್ದೆ, ನಿಲ್ಲಿಸಿಬಿಟ್ಟೆ. ಈಗ ಯಜಮಾನರ ಕೆಲಸ ಹೋಗಿ ಮೂರು ತಿಂಗಳು. ಇಂಥ ಹೊತ್ತಲ್ಲಿ ಕೃತಜ್ಞತೆ ಎಂದರೆ ನಟನೆ ಅನಿಸುತ್ತದೆ. ಏನು ಮಾಡಲಿ?"

ಸಂಪಾದಕರ ಉತ್ತರ:

ಡೈರಿ ನಿಂತಿತು ಎಂದರೆ ನಿಮ್ಮ ಭಕ್ತಿ ಕಡಿಮೆಯಾಯಿತು ಅಂತಲ್ಲ. ದಿನಾ ಬರೆದರೆ ಯಾರಿಗೇ ಆಗಲಿ ಅದು ಹಾಜರಿ ಪುಸ್ತಕವಾಗುತ್ತದೆ. ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 6 ವಾರ ಕಾಲ ವಾರಕ್ಕೊಮ್ಮೆ ಬರೆದವರ ನೆಮ್ಮದಿ ಹೆಚ್ಚಿತ್ತು. ವಾರಕ್ಕೆ ಮೂರು ಸಲ ಬರೆದವರಿಗೆ ಆ ಲಾಭ ಸಿಗಲಿಲ್ಲ. ಹಾಗಾಗಿ ಡೈರಿಯನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಐದು ಬೇಡ, ಒಂದೇ ಸಾಕು, ಬಿಡಿಸಿ ಬರೆಯಿರಿ. 'ಆರೋಗ್ಯ' ಎಂದು ಬರೆದರೆ ಮನಸ್ಸಿಗೆ ಹಿಡಿಯಲು ಏನೂ ಸಿಗುವುದಿಲ್ಲ. 'ಮಂಗಳವಾರ ಮಗುವಿಗೆ ಜ್ವರ ಬಂದಾಗ ಪಕ್ಕದ ಮನೆಯವರು ರಾತ್ರಿ ಹತ್ತಕ್ಕೆ ಗಂಜಿ ತಂದುಕೊಟ್ಟರು' ಎಂದರೆ ಸಿಗುತ್ತದೆ.

ದಿನನಿತ್ಯಕ್ಕೆ ಕೈಗೊಂದು ಕೆಲಸ ಬೇಕು. ಅದು ನಿಮ್ಮ ಅಡುಗೆಮನೆಯಲ್ಲೇ ಇದೆ, ನೈವೇದ್ಯ. ಅನ್ನ ಇಳಿಸಿದ ಮೇಲೆ, ಸಾರಿನ ಉಪ್ಪು ನೋಡುವ ಮುಂಚೆ, ಪುಟ್ಟ ಬಟ್ಟಲಿಗೆ ಎರಡು ಚಮಚ ಅನ್ನ, ಮೇಲೆ ಸ್ವಲ್ಪ ತೊವ್ವೆ, ಒಂದು ತೊಟ್ಟು ತುಪ್ಪ ಹಾಕಿ. ದೇವರ ಮುಂದೆ ಒದ್ದೆ ಬೆರಳಿಂದ ಚೌಕ ಎಳೆದು ಅದರ ಮೇಲೆ ಇಡಿ. ವಿಷ್ಣುವಿಗೆ ತುಳಸಿ, ಶಿವನಿಗೆ ಬಿಲ್ವಪತ್ರೆ. ಗಣಪತಿಗೆ ತುಳಸಿ ಏರಿಸುವ ವಾಡಿಕೆಯಿಲ್ಲ, ಗರಿಕೆ ಇಡುತ್ತಾರೆ. ಬಟ್ಟಲ ಸುತ್ತ ನೀರು ಬಿಡಿ. ಮಂತ್ರ ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಆ ಅನ್ನ ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯುತ್ತ ಹೋಗಿ: ಒಲೆ, ಅಂಗಡಿ, ಅಕ್ಕಿ ಗಿರಣಿ, ನಾಟಿ ಹಾಕಿದ ಹೆಂಗಸರ ಕೈ, ಭದ್ರಾ ನಾಲೆಯ ನೀರು, ಆ ನೀರಿಗೆ ಮೂಲವಾದ ಮಲೆನಾಡಿನ ಮಳೆ. ಮಳೆಯಿಂದಾಚೆಗೆ ದೇವರ ಹೆಸರೊಂದೇ ಉಳಿಯುತ್ತದೆ. ಅಲ್ಲಿ ನಮಸ್ಕಾರ ಮಾಡಿ. ಎರಡು ನಿಮಿಷದ ಕೆಲಸ. ಆಮೇಲೆ ಬಟ್ಟಲಿನ ಅನ್ನವನ್ನು ಪಾತ್ರೆಗೇ ಬೆರೆಸಿ, ಎಲ್ಲರ ತಟ್ಟೆಗೂ ಪ್ರಸಾದ ಬೀಳುತ್ತದೆ.

ತಪ್ಪುವುದು ಎರಡು ಕಡೆ. ಒಂದು, ಬಟ್ಟಲು ದೇವರ ಮನೆಯಲ್ಲೇ ಮರೆತುಹೋಗಿ ಸಂಜೆಗೆ ಇರುವೆ ಮುತ್ತುವುದು. ತಟ್ಟೆ ಹಾಕುವ ಮುಂಚೆ ಬಟ್ಟಲು ಒಳಗೆ ಬರಬೇಕು. ಇನ್ನೊಂದು, ನಮಸ್ಕಾರದ ಬೆನ್ನಿಗೇ ಬೇಡಿಕೆಯ ಪಟ್ಟಿ ಶುರುವಾಗುವುದು. ಬೇಡುವುದು ತಪ್ಪಲ್ಲ, ಅದನ್ನು ಸಂಜೆ ದೀಪದ ಹೊತ್ತಿಗೆ ಇಟ್ಟುಕೊಳ್ಳಿ. ಬೆಳಿಗ್ಗೆ ತೀರಾ ಗಡಿಬಿಡಿ ಇದ್ದ ದಿನ ಅರ್ಧ ಲೋಟ ಹಾಲು, ಚಿಟಿಕೆ ಸಕ್ಕರೆ ಸಾಕು.

ನಟನೆ ಎಂದಿರಿ. ಉತ್ತರ ಕರ್ನಾಟಕದ ರೈತರ ಹಬ್ಬ ಎಳ್ಳಮಾಸೆಯನ್ನು, ಅಂದರೆ ಎಳ್ಳು ಅಮಾವಾಸ್ಯೆಯನ್ನು, ನೆನೆಯಿರಿ. ಜೋಳ, ಕಡಲೆ ಇನ್ನೂ ಹೊಲದಲ್ಲೇ ನಿಂತಿರುತ್ತವೆ. ಒಂದು ಚೀಲವೂ ಮನೆಗೆ ಬಂದಿರುವುದಿಲ್ಲ, ಹುಳ ಬೀಳಬಹುದು, ಅಕಾಲದ ಮಳೆ ಹೊಡೆಯಬಹುದು. ಆದರೂ ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ಮೇಲೆ ಚರಗ, ಅಂದರೆ ಭೂಮಿತಾಯಿಗೆ ಎಡೆಯಾಗಿ ಒಂದಿಷ್ಟು ಅಡುಗೆ, ಚೆಲ್ಲುತ್ತಾರೆ. ಮಲೆನಾಡಿನವರು ಭೂಮಿ ಹುಣ್ಣಿಮೆಯಲ್ಲಿ ಬಸುರಿ ಭೂಮಿತಾಯಿಗೆ ಬಯಕೆಯೂಟ ಬಡಿಸುವುದೂ ಪೈರು ಕೊಯ್ಲಾಗುವ ಮುಂಚೆಯೇ. ಚರಗ ಚೆಲ್ಲುವವನಿಗೆ ಸಾಲವೂ ಇರುತ್ತದೆ, ಭಯವೂ ಇರುತ್ತದೆ. ಅವನು ನಟಿಸುತ್ತಿಲ್ಲ, ನೀವೂ ಅಷ್ಟೇ.

ಕೆಲಸ ಹೋದದ್ದಕ್ಕೆ ದೇವರಿಗೆ ಧನ್ಯವಾದ ಹೇಳಬೇಡಿ; ಯಾರಾದರೂ ಹೇಳಿಸಿದರೂ ಹೇಳಬೇಡಿ. ಅಳು ಬಂದರೆ ದೇವರ ಮುಂದೆಯೇ ಅತ್ತುಬಿಡಿ. ಆದರೆ ಈ ಮೂರು ತಿಂಗಳಲ್ಲಿ ಉದ್ರಿ ಬರೆದುಕೊಂಡು ದಿನಸಿ ಕೊಟ್ಟವರು, ಬಾಡಿಗೆಗೆ ಕಾದವರು ಯಾರಾದರೂ ಇದ್ದರೆ, ಹಬ್ಬದ ದಿನ ಎಂಟು ಹೋಳಿಗೆ ಬೇಯಿಸಿದರೂ ಎರಡು ಅವರ ಮನೆಗೆ ಹೋಗಲಿ. ಯಾಕೆ ಕೊಡುತ್ತಿದ್ದೀರಿ ಎಂದು ಬಾಯಿಬಿಟ್ಟು ಹೇಳಿ. ನಮ್ಮಲ್ಲಿ ಕೊಡುತ್ತೇವೆ, ಹೇಳಲು ಮಾತ್ರ ಸಂಕೋಚ.

ಇನ್ನೊಂದು ಮಾತು. ನಾಳೆಯಿಂದ ಬಟ್ಟಲು ಇಡುವ ಕೆಲಸ ಯಜಮಾನರಿಗೆ ಬಿಡಿ. ಕೇಳಿದರೆ ಬೇಡ ಅಂದಾರು. ಬಟ್ಟಲು, ತುಪ್ಪದ ಮಿಳ್ಳಿ ಎರಡನ್ನೂ ಅವರ ಮುಂದಿಟ್ಟು ನೀವು ಒಗ್ಗರಣೆ ಕಡೆ ತಿರುಗಿಕೊಳ್ಳಿ.