20 ಪರ್ಸೆಂಟ್ ಇದ್ದಾಗಲೇ ಟ್ಯಾಬ್ ಆಫ್ ಆಗುವುದೇಕೆ?

ಪ್ರಶ್ನೆ: ನಮ್ಮ ಟ್ಯಾಬ್ಲೆಟ್‌ಗೆ ನಾಲ್ಕು ವರ್ಷ ಆಯ್ತು. ಮಗಳು ಪಾಠದ ವಿಡಿಯೋ ನೋಡುತ್ತಿರುವಾಗ 20 ಪರ್ಸೆಂಟ್ ತೋರಿಸುತ್ತಲೇ ಆಫ್ ಆಗಿಬಿಡುತ್ತದೆ. ಚಾರ್ಜರ್ ಹಾಕಿ ಆನ್ ಮಾಡಿದರೆ 14 ಅನ್ನುತ್ತದೆ. ಬ್ಯಾಟರಿ ಹೋಗಿದೆಯಾ, ಇಲ್ಲ ಲೆಕ್ಕವೇ ತಪ್ಪಾ? ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಿ ಅಂತ ಅಂಗಡಿಯವರು ಹೇಳುತ್ತಾರೆ. ಮಾಡಬೇಕಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಲೆಕ್ಕವೂ ಸ್ವಲ್ಪ ತಪ್ಪಿರಬಹುದು. ಆದರೆ ನೀವು ಹೇಳಿದ್ದನ್ನು ನೋಡಿದರೆ ಬ್ಯಾಟರಿಗೆ ವಯಸ್ಸಾಗಿದೆ ಅಂತಲೇ ನನಗನ್ನಿಸುತ್ತದೆ.

ಗ್ಯಾಸ್ ಸಿಲಿಂಡರ್ ಆದರೆ ಎತ್ತಿ ನೋಡಿ ಎಷ್ಟಿದೆ ಅಂತ ಹೇಳಬಹುದು, ಬ್ಯಾಟರಿಯನ್ನು ಹಾಗೆ ನೋಡಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಒಳಗಿರುವ ಒಂದು ಚಿಪ್ ಎಷ್ಟು ಕರೆಂಟ್ ಬಂತು, ಎಷ್ಟು ಹೋಯ್ತು ಅಂತ ಬರೆದಿಡುತ್ತಾ ಕೂತಿರುತ್ತದೆ. ಜೊತೆಗೆ ವೋಲ್ಟೇಜನ್ನೂ ನೋಡುತ್ತದೆ. ಲಿಥಿಯಂ ಬ್ಯಾಟರಿ ತುಂಬಿದಾಗ ಸಾಮಾನ್ಯವಾಗಿ 4.2 ವೋಲ್ಟ್ ಇರುತ್ತದೆ, ಆದರೆ ನಡುವಿನ ದೊಡ್ಡ ಭಾಗದಲ್ಲಿ 3.7, 3.8ರ ಹತ್ತಿರವೇ ನಿಂತಿರುವುದರಿಂದ ಅದೊಂದನ್ನೇ ನಂಬಿ 60 ಯಾವುದು, 40 ಯಾವುದು ಅಂತ ಹೇಳುವುದು ಕಷ್ಟ. ಅಂದರೆ ಪರದೆ ಮೇಲಿನ ಪರ್ಸೆಂಟ್ ಒಂದು ಅಂದಾಜು. ದಿನದಿನದ ಸಣ್ಣ ತಪ್ಪುಗಳು ಸೇರಿ ಅದು ಜಾರುತ್ತಾ ಹೋಗುತ್ತದೆ.

ಇನ್ನು ಆಫ್ ಆಗುವ ವಿಷಯ. ಹಳೆಯ ಬ್ಯಾಟರಿಯ ಒಳಗೆ ಕರೆಂಟ್ ಹರಿಯುವುದಕ್ಕೆ ಇರುವ ತಡೆ ಜಾಸ್ತಿಯಾಗಿರುತ್ತದೆ. ವಿಡಿಯೋ, ವೈಫೈ, ಪೂರ್ತಿ ಬ್ರೈಟ್‌ನೆಸ್ ಎಲ್ಲ ಒಟ್ಟಿಗೆ ಎಳೆದಾಗ ವೋಲ್ಟೇಜ್ ತಟ್ಟನೆ ಕುಸಿಯುತ್ತದೆ, ಟ್ಯಾಬ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ಒಳಗೆ ಚಾರ್ಜ್ ಉಳಿದಿದೆ, ಕೊಡುವ ಶಕ್ತಿ ಇಲ್ಲ. ಮತ್ತೆ ಆನ್ ಮಾಡಿದಾಗ 14 ಕಾಣುವುದು ಇದರಿಂದಲೇ ಇರಬಹುದು. ಒಮ್ಮೆ 20ಕ್ಕೆ ಬಂದಾಗ ಬ್ರೈಟ್‌ನೆಸ್ ಇಳಿಸಿ, ವಿಡಿಯೋ ನಿಲ್ಲಿಸಿ, ಸುಮ್ನೆ ಏನಾದರೂ ಓದಿ ನೋಡಿ. ಆಗ ತುಂಬ ಹೊತ್ತು ಬಂದರೆ ಕಾರಣ ಇದೇ.

ಲೆಕ್ಕ ಸರಿಮಾಡಲು ಒಂದೇ ಒಂದು ಸಲ ತಾನಾಗಿ ಆಫ್ ಆಗುವವರೆಗೆ ಬಳಸಿ, ಒಂದೆರಡು ಗಂಟೆ ಬಿಟ್ಟು, ನಡುವೆ ತೆಗೆಯದೆ 100ರವರೆಗೆ ಚಾರ್ಜ್ ಮಾಡಿ. ಚಿಪ್‌ಗೆ ಖಾಲಿ ಯಾವುದು, ತುಂಬಿದ್ದು ಯಾವುದು ಅಂತ ಮತ್ತೆ ಗೊತ್ತಾಗುತ್ತದೆ. ಇದರಿಂದ ಬ್ಯಾಟರಿ ಮಾತ್ರ ಹೊಸದಾಗುವುದಿಲ್ಲ. ದಯವಿಟ್ಟು ಇದನ್ನು ಪ್ರತಿ ತಿಂಗಳ ವ್ರತ ಮಾಡಿಕೊಳ್ಳಬೇಡಿ. ಅದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಸಲಹೆ, ಲಿಥಿಯಂ ಬ್ಯಾಟರಿಗೆ ಮತ್ತೆ ಮತ್ತೆ ಪೂರ್ತಿ ಖಾಲಿಯಾಗುವುದು ಸವೆತವೇ.

ಇಷ್ಟಾದರೂ 20ಕ್ಕೇ ಆಫ್ ಆದರೆ ಬ್ಯಾಟರಿ ಬದಲಿಸಿ, ಟ್ಯಾಬ್ ಎಸೆಯಬೇಡಿ. ಸುಮಾರು 300ರಿಂದ 500 ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಬಹಳಷ್ಟು ಬ್ಯಾಟರಿಗಳ ಸಾಮರ್ಥ್ಯ ಹೊಸದಿದ್ದಾಗಿನ 80 ಪರ್ಸೆಂಟ್ ಆಸುಪಾಸಿಗೆ ಇಳಿದಿರುತ್ತದೆ, ನಾಲ್ಕು ವರ್ಷದಲ್ಲಿ ಅದು ಸಹಜ. ಹೊಸದಕ್ಕೆ ಬಿಸಿ ತಾಗಿಸಬೇಡಿ, ಚಾರ್ಜ್ ಹಾಕಿ ದಿಂಬಿನ ಮೇಲಿಡುವುದು ಬೇಡ. ಪರದೆ ಉಬ್ಬಿ ಮೇಲೆದ್ದಿದ್ದರೆ ಮಾತ್ರ ಈ ಪರೀಕ್ಷೆ ಯಾವುದನ್ನೂ ಮಾಡಬೇಡಿ, ಚಾರ್ಜ್ ಹಾಕದೆ ನೇರ ರಿಪೇರಿಯವರ ಹತ್ತಿರ ಒಯ್ಯಿರಿ.