ಹೊಟ್ಟೆನೋವು, ಮೂತ್ರಪರೀಕ್ಷೆ ಮತ್ತು ಮನೆಯವರ ಸಿಟ್ಟು

ಓದುಗರ ಪ್ರಶ್ನೆ – ವೈದ್ಯರ ಉತ್ತರ

ಪ್ರಶ್ನೆ: ಕಳೆದ ತಿಂಗಳು ನನ್ನ ನಾದಿನಿಗೆ ರಾತ್ರಿ ವಿಪರೀತ ಹೊಟ್ಟೆನೋವು ಬಂದು ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಅವಳಿಗೆ 19 ವರ್ಷ, ಇನ್ನೂ ಮದುವೆಯಾಗಿಲ್ಲ. ಡ್ಯೂಟಿ ಡಾಕ್ಟರು ಎಲ್ಲರ ಎದುರಿಗೇ ಮುಟ್ಟಿನ ವಿಚಾರ ಕೇಳಿ, ಗರ್ಭದ ಪರೀಕ್ಷೆಗೆಂದು ಮೂತ್ರ ತರಿಸಿದರು. ಅದರಲ್ಲಿ ಏನೂ ಬರಲಿಲ್ಲ; ಕೊನೆಗೆ ಅಪೆಂಡಿಕ್ಸ್ ಎಂದು ಆಪರೇಷನ್ ಆಯಿತು. ‘ಮಗಳ ಮರ್ಯಾದೆ ತೆಗೆದರು’ ಎಂದು ನಮ್ಮ ಅತ್ತೆಯವರು ಇಂದಿಗೂ ಕೊರಗುತ್ತಿದ್ದಾರೆ. ಆ ಪರೀಕ್ಷೆ ಅಗತ್ಯವಿತ್ತೇ?
– ಹೆಸರು ಬೇಡ, ಜಗಳೂರು ತಾಲ್ಲೂಕು

ಉತ್ತರ: ಅಗತ್ಯವಿತ್ತು. ಆದರೆ ಎಲ್ಲರ ಎದುರಿಗೆ ಕೇಳಿದ್ದು ತಪ್ಪು. ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಮುಟ್ಟಾಗುವ ವಯಸ್ಸಿನ ಹೆಣ್ಣುಮಗಳು ಹೊಟ್ಟೆನೋವೆಂದು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದರೆ, ಮದುವೆಯಾಗಿರಲಿ ಬಿಡಲಿ, ಗರ್ಭವಿದೆಯೇ ಇಲ್ಲವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ನಮ್ಮ ವೃತ್ತಿಯ ಪಾಠ. ಅದು ನಡತೆಯ ವಿಚಾರಣೆಯಲ್ಲ. ಎಕ್ಸ್‌ರೇ, ಸಿಟಿ ಸ್ಕ್ಯಾನ್ ಮಾಡಿಸಬೇಕೋ ಬೇಡವೋ, ಯಾವ ಔಷಧ ಕೊಡಬಹುದು ಎಂಬುದೆಲ್ಲ ಅದನ್ನೇ ಅವಲಂಬಿಸಿದೆ. ಅದಕ್ಕಿಂತ ದೊಡ್ಡ ಕಾರಣ, ಗರ್ಭಕೋಶದ ಬದಲು ಗರ್ಭನಾಳದಲ್ಲಿ ಬೆಳೆಯುವ ಗರ್ಭ. ನೂರು ಗರ್ಭಗಳಲ್ಲಿ ಒಂದೆರಡು ಹೀಗೆ ದಾರಿ ತಪ್ಪುತ್ತವೆ. ಪೆನ್ನಿನ ರೀಫಿಲ್‌ನಷ್ಟು ಸಪೂರವಾದ ಆ ನಾಳ ಹಿಗ್ಗಲಾರದೆ, ಹೆಚ್ಚಾಗಿ ಆರರಿಂದ ಎಂಟನೆಯ ವಾರದ ಸುಮಾರಿಗೆ, ಒಡೆದುಹೋಗುತ್ತದೆ. ಬಲಭಾಗದ ನಾಳವಾದರೆ ನೋವು ಅಪೆಂಡಿಕ್ಸ್‌ನ ನೋವಿನಂತೆಯೇ ಕಾಣುತ್ತದೆ. ನಿಮ್ಮ ನಾದಿನಿಯ ವಿಷಯದಲ್ಲಿ ವೈದ್ಯರು ಬಿಡಿಸಿಕೊಳ್ಳಬೇಕಾಗಿದ್ದ ಗಂಟು ಇದೇ.

ನಾಳ ಒಡೆದಾಗ ರಕ್ತ ಹೊರಗೆ ಕಾಣಲೇಬೇಕೆಂದಿಲ್ಲ. ಬಟ್ಟೆಗೆ ನಾಲ್ಕು ಹನಿ ತಾಗಿರಬಹುದು, ಅಷ್ಟೇ. ಆದರೆ ಹೊಟ್ಟೆಯೊಳಗೆ ಲೀಟರ್‌ಗಟ್ಟಲೆ ಸೋರಿರುತ್ತದೆ. ಬಹಳ ಹಿಂದೆ ನನ್ನ ಸರದಿಯಲ್ಲಿ ಬಂದಿದ್ದ ಒಬ್ಬಾಕೆಯನ್ನು ನಾನು ಮರೆತಿಲ್ಲ. ಮನೆಯವರು ಸಂಜೆ ತಿಂದ ಮಂಡಕ್ಕಿ-ಮಿರ್ಚಿಯ ಮೇಲೆ ತಪ್ಪು ಹೊರಿಸಿ, ಗ್ಯಾಸ್ಟ್ರಿಕ್ ಮಾತ್ರೆ ನುಂಗಿಸಿ, ಜೀರಿಗೆ ಕಷಾಯ ಕುಡಿಸಿ ಕರೆತಂದಿದ್ದರು. ಆಕೆ ಹೊಟ್ಟೆಗಿಂತ ಹೆಚ್ಚಾಗಿ ಭುಜ ನೋಯುತ್ತದೆ ಎನ್ನುತ್ತಿದ್ದಳು. ಕೆಳರೆಪ್ಪೆಯನ್ನು ಎಳೆದು ನೋಡಿದರೆ ಒಳಭಾಗ ಸುಣ್ಣದಂತೆ ಬಿಳಿಚಿತ್ತು. ಅಂಗೈ ತಣ್ಣಗೆ ಬೆವರುತ್ತಿತ್ತು, ನಾಡಿ ಓಡುತ್ತಿತ್ತು. ಒಳಗೆ ಸುರಿದ ರಕ್ತ ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಕೆರಳಿಸಿದಾಗ ನೋವು ಭುಜದ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಮೂತ್ರದ ಮೂರು ಹನಿ, ಐದು ನಿಮಿಷ, ಎರಡು ಗೆರೆ, ಎಂದರೆ ಗರ್ಭವಿದೆ. ಅಲ್ಲಿಂದ ನೇರವಾಗಿ ಆಪರೇಷನ್ ಥಿಯೇಟರ್. ಬದುಕಿದಳು. ನಾಳ ಒಡೆಯುವ ಮುನ್ನವೇ ಗೊತ್ತಾದರೆ ಕೆಲವರಿಗೆ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ನಿನಲ್ಲೇ ಗುಣವಾಗುತ್ತದೆ. ಒಂದು ನಾಳ ತೆಗೆದರೂ, ಇನ್ನೊಂದು ಸರಿಯಿದ್ದರೆ, ಮುಂದೆ ಮಕ್ಕಳಾಗಲು ಸಾಧ್ಯ.

ಇನ್ನು ಕೇಳುವ ರೀತಿ. ಪರದೆ ಎಳೆದು, ಮನೆಯವರನ್ನು ಹೊರಗೆ ಕೂರಿಸಿ, ‘ಹೊಟ್ಟೆನೋವೆಂದು ಬರುವ ಎಲ್ಲ ಹೆಣ್ಣುಮಕ್ಕಳಿಗೂ ಈ ಪರೀಕ್ಷೆ ಮಾಡುತ್ತೇವಮ್ಮ’ ಎಂದು ಒಂದು ಮಾತು ಹೇಳಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ. ರಾತ್ರಿಯ ನೂಕುನುಗ್ಗಲು ಅದಕ್ಕೆ ಕಾರಣವಿರಬಹುದು, ಸಮರ್ಥನೆಯಲ್ಲ. ಅತ್ತೆಯವರಿಗೆ ಇಷ್ಟು ಹೇಳಿ: ಆ ಪರೀಕ್ಷೆ ಮಾಡದೆ ಬಿಡುವ ವೈದ್ಯರ ಬಳಿ ಮಗಳನ್ನು ಕರೆದೊಯ್ಯಲು ನಾನಂತೂ ಒಪ್ಪುವುದಿಲ್ಲ.

ಪ್ರಶ್ನೆ: ನನಗೆ 26 ವರ್ಷ. ಮುಟ್ಟು ನಿಂತಿದ್ದರಿಂದ ಮೆಡಿಕಲ್ ಶಾಪಿನಿಂದ ಗರ್ಭಪಾತದ ಮಾತ್ರೆ ತರಿಸಿ ನುಂಗಿದೆ. ಹನ್ನೆರಡು ದಿನವಾದರೂ ರಕ್ತ ಹೋಗುವುದು ನಿಂತಿಲ್ಲ. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ತಿಳಿಸುತ್ತಾರೆಯೇ? ಗಂಡನ ಸಹಿ ಬೇಕೇ?
– ಓದುಗಿ, ಹರಿಹರ

ಉತ್ತರ: ಈ ಪತ್ರಿಕೆ ನಿಮ್ಮ ಕೈಸೇರುವ ಮೊದಲೇ ನೀವು ಆಸ್ಪತ್ರೆಗೆ ಹೋಗಿರಲಿ ಎಂಬುದು ನನ್ನ ಆಸೆ. ತಾಸಿಗೆ ಎರಡು ಪ್ಯಾಡ್ ಪೂರ್ತಿ ನೆನೆಯುವಂತೆ ಎರಡು ತಾಸು ರಕ್ತ ಹೋದರೆ, ಜ್ವರ ಅಥವಾ ದುರ್ವಾಸನೆಯ ಸ್ರಾವ ಇದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಆ ಆಂಬುಲೆನ್ಸ್ ಉಚಿತ. ಇವು ಯಾವುವೂ ಇಲ್ಲದಿದ್ದರೂ ಇಂದೇ ತೋರಿಸಿಕೊಂಡು ಸ್ಕ್ಯಾನ್ ಮಾಡಿಸಿ. ಒಳಗೆ ಚೂರು ಉಳಿದಿರಬಹುದು. ಸ್ಕ್ಯಾನ್ ಇಲ್ಲದೆ ನುಂಗುವ ಈ ಮಾತ್ರೆ ನಾಳದಲ್ಲಿರುವ ಗರ್ಭವನ್ನು ತೆಗೆಯುವುದೂ ಇಲ್ಲ. ‘ರಕ್ತ ಹೋಯಿತು, ಮುಗಿಯಿತು’ ಎಂದು ನಂಬಿದವರೇ ಒಡೆದ ನಾಳದೊಂದಿಗೆ ನಮ್ಮಲ್ಲಿಗೆ ಬರುತ್ತಾರೆ. ಯಾವ ಮಾತ್ರೆ, ಎಷ್ಟು, ಯಾವ ದಿನ ನುಂಗಿದಿರಿ ಎಂಬುದನ್ನು ಮುಚ್ಚಿಡಬೇಡಿ. ಖಾಲಿ ಸ್ಟ್ರಿಪ್ ಇದ್ದರೆ ತೆಗೆದುಕೊಂಡು ಹೋಗಿ.

ಕಾನೂನಿನ ಭಯ ಬೇಡ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ 18 ತುಂಬಿದ ಹೆಣ್ಣಿನ ಚಿಕಿತ್ಸೆಗೆ ಆಕೆಯ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ, ಕೆಲವು ಆಸ್ಪತ್ರೆಗಳು ರೂಢಿಯಿಂದ ಕೇಳುತ್ತವೆ. 2021ರ ತಿದ್ದುಪಡಿಯಂತೆ ಆಕೆಯ ಹೆಸರು, ವಿವರಗಳನ್ನು ಕಾನೂನಿನ ಅಧಿಕಾರವಿಲ್ಲದವರಿಗೆ ತಿಳಿಸುವುದು ಶಿಕ್ಷಾರ್ಹ. ಅವಿವಾಹಿತೆಯರಿಗೂ ವಿವಾಹಿತೆಯರಷ್ಟೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. 18 ತುಂಬದ ಬಾಲಕಿಯಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೂ ತಿಳಿಸಬೇಕು; ಆದರೆ ಬಾಲಕಿ ಮತ್ತು ಪೋಷಕರು ಕೋರಿದರೆ ಗುರುತು ಬಿಟ್ಟುಕೊಡಬೇಕಿಲ್ಲವೆಂದು ಅದೇ ತೀರ್ಪು ಸ್ಪಷ್ಟಪಡಿಸಿದೆ.

ಪ್ರಶ್ನೆ: ಆರು ವರ್ಷದ ಹಿಂದೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡಿದ್ದೇನೆ. ಈಗ ಮುಟ್ಟು ಹತ್ತು ದಿನ ತಡವಾಗಿದೆ, ಒಂದು ಪಕ್ಕ ಹೊಟ್ಟೆ ಹಿಡಿದಂತಾಗುತ್ತದೆ. ಗರ್ಭ ನಿಂತಿರಲು ಸಾಧ್ಯವೇ?
– ಗೃಹಿಣಿ, ಹೊನ್ನಾಳಿ

ಉತ್ತರ: ಅಪರೂಪ, ಆದರೆ ಸಾಧ್ಯ. ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರವೂ ಗರ್ಭ ನಿಂತರೆ, ಅಂಥವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗರ್ಭಕೋಶದ ಹೊರಗೇ ಇರುತ್ತವೆ. ‘ಆಪರೇಷನ್ ಆಗಿದೆ’ ಎಂಬ ಒಂದೇ ಮಾತು ಕೇಳಿ ವೈದ್ಯರೂ ಒಮ್ಮೊಮ್ಮೆ ಪರೀಕ್ಷೆ ಬಿಟ್ಟುಬಿಡುವುದುಂಟು, ಆದ್ದರಿಂದ ಮುಟ್ಟು ತಪ್ಪಿರುವುದನ್ನೂ ಒಟ್ಟಿಗೇ ಹೇಳಿ. ಇಂದೇ ಕಿಟ್ ತರಿಸಿ ನೋಡಿಕೊಳ್ಳಿ. ಎರಡು ಗೆರೆ ಬಂದರೆ, ನೋವು ಕಡಿಮೆಯಿದ್ದರೂ, ಸ್ಕ್ಯಾನ್ ಮತ್ತು ಶಸ್ತ್ರಚಿಕಿತ್ಸೆ ಎರಡೂ ಇರುವ ಆಸ್ಪತ್ರೆಗೆ ಅಂದೇ ಹೊರಡಿ. ಒಂದೇ ಗೆರೆ ಬಂದರೂ ಪಕ್ಕದ ನೋವನ್ನು ಹಾಗೇ ಬಿಡದೆ ವೈದ್ಯರಿಗೆ ತೋರಿಸಿ.